ಶಾಖವೇ ಬೆಳಕಾದಾಗ: ಒಂದು ಮೀಸಲು ಟ್ಯಾಂಕ್ ದಳದ ಕದನ

ಯುದ್ಧದ ಇತಿಹಾಸವೆಂದರೆ ಸೇನಾನಿಗಳ ಹೆಸರು, ಇಸವಿಗಳ ಪಟ್ಟಿ ಎಂದು ನೀವು ಭಾವಿಸಿರಬಹುದು. ಆದರೆ ಕದನದ ಫಲಿತಾಂಶದ ಹಿಂದೆ ಭೌತವಿಜ್ಞಾನದ ಸರಳ ನಿಯಮವೊಂದು ಇರುವುದೂ ಉಂಟು. 1991ರ ಕೊಲ್ಲಿ ಯುದ್ಧದ ಈ ಪ್ರಸಂಗವನ್ನು ನೋಡಿ.

ಅಮೆರಿಕದ ಮೆರೀನ್ ಪಡೆಯ 4ನೇ ಟ್ಯಾಂಕ್ ಬೆಟಾಲಿಯನ್ನಿನ ಬ್ರಾವೋ ಕಂಪನಿ ಒಂದು ಮೀಸಲು ದಳವಾಗಿತ್ತು. ಆಗ ಅದರ ನೆಲೆ ವಾಷಿಂಗ್ಟನ್ ರಾಜ್ಯದ ಯಾಕಿಮಾ ಆಗಿತ್ತು. ಮೀಸಲು ಯೋಧರು ಪೂರ್ಣಾವಧಿ ಸೈನಿಕರಲ್ಲ; ಓದು, ಉದ್ಯೋಗಗಳ ನಡುವೆ ಬಿಡುವು ಮಾಡಿಕೊಂಡು ತರಬೇತಿ ಪಡೆಯುವವರು. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದ ಮೇಲೆ ಇವರಿಗೂ ಕರೆ ಬಂತು. ಇವರು ಪಳಗಿದ್ದುದು ಹಳೆಯ ಎಂ60ಎ1 ಟ್ಯಾಂಕಿನಲ್ಲಿ. ಕೈಗೆ ಬಂದದ್ದು ಹೊಸ ಎಂ1ಎ1. ಕೆಲವೇ ವಾರಗಳಲ್ಲಿ ಅದನ್ನು ಕಲಿಯಬೇಕಾಯಿತು.

ಫೆಬ್ರವರಿ 25ರ ನಸುಕು. ಕುವೈತಿನ ಮರುಭೂಮಿಯಲ್ಲಿ ಕಂಪನಿಯ 13 ಟ್ಯಾಂಕುಗಳಿಗೆ ಇರಾಕಿ ಟ್ಯಾಂಕುಗಳ ಸಾಲು ಎದುರಾಯಿತು. ಅವುಗಳಲ್ಲಿ ಹೆಚ್ಚಿನವು ಸೋವಿಯತ್ ವಿನ್ಯಾಸದ ಟಿ-72. ಕಂಪನಿಯ ವರದಿಯ ಪ್ರಕಾರ, ಸುಮಾರು 90 ಸೆಕೆಂಡುಗಳಲ್ಲಿ 35ರಲ್ಲಿ 34 ಟ್ಯಾಂಕುಗಳು ನಾಶವಾದವು.

ಇದು ಹೇಗೆ ಸಾಧ್ಯವಾಯಿತು? ಎಲ್ಲ ಕಾಯಗಳೂ ವಿಕಿರಣ ಸೂಸುತ್ತವೆ ಎಂಬುದು ನಿಮಗೆ ಗೊತ್ತು. ವೀನ್ ನಿಯಮದಂತೆ 2898ನ್ನು ಕೆಲ್ವಿನ್ ಉಷ್ಣತೆಯಿಂದ ಭಾಗಿಸಿದರೆ ಅತಿ ತೀವ್ರ ವಿಕಿರಣದ ತರಂಗದೂರ ಮೈಕ್ರೋಮೀಟರುಗಳಲ್ಲಿ ಸಿಗುತ್ತದೆ. 300 ಕೆಲ್ವಿನ್‌ಗೆ ಅದು ಸುಮಾರು 9.7. ಎಂ1ಎ1ರ ಉಷ್ಣದರ್ಶಕ ಕೆಲಸ ಮಾಡುವುದು ಈ ಅವಕೆಂಪು ವಲಯದಲ್ಲೇ. ಸಾಮಾನ್ಯ ಗಾಜು ಈ ಕಿರಣಗಳನ್ನು ತಡೆಯುವುದರಿಂದ ಇಂಥ ದರ್ಶಕಗಳಲ್ಲಿ ಜರ್ಮೇನಿಯಮ್ ಮಸೂರಗಳನ್ನು ಬಳಸುತ್ತಾರೆ. ತನ್ನದೇ ಶಾಖ ಅಡ್ಡಿಯಾಗದಂತೆ ಸಂಸೂಚಕವನ್ನು ಸುಮಾರು 77 ಕೆಲ್ವಿನ್‌ಗೆ ತಂಪಾಗಿಸಿರುತ್ತಾರೆ. ತಣ್ಣಗಿನ ಮರಳಿನ ಎದುರು ಬಿಸಿ ಎಂಜಿನ್ ಎದ್ದು ಕಾಣುತ್ತದೆ. ಕತ್ತಲು ಅಡ್ಡಿಯಲ್ಲ, ಹೊಗೆಯೂ ಅಷ್ಟಾಗಿ ಅಡ್ಡಿಯಲ್ಲ.

ಟಿ-72ರ ರಾತ್ರಿದರ್ಶಕಕ್ಕೆ ಇಂಥ ಶಕ್ತಿ ಇರಲಿಲ್ಲ. ತಾನೇ ಅವಕೆಂಪು ದೀಪ ಹಾಯಿಸಿ, ಮರಳಿ ಬಂದ ಬೆಳಕಿನಲ್ಲಿ ಅದು ನೋಡಬೇಕಿತ್ತು. ಅದರ ವ್ಯಾಪ್ತಿ ಕಡಿಮೆ. ಮೇಲಾಗಿ ದೀಪ ಹಾಯಿಸಿದವನ ಗುಟ್ಟೂ ಬಯಲು. ಒಂದು ಪಕ್ಷ ನೋಡುತ್ತಿತ್ತು, ಇನ್ನೊಂದು ಪಕ್ಷಕ್ಕೆ ಕಾಣುತ್ತಿರಲಿಲ್ಲ. ಆ ಟ್ಯಾಂಕುಗಳ ಒಳಗಿದ್ದವರೂ ಮನುಷ್ಯರೇ ಎಂಬುದನ್ನು ಇಲ್ಲಿ ಮರೆಯಬಾರದು.

ಹಾಗೆಂದು ಉಷ್ಣದರ್ಶಕ ಎಲ್ಲವನ್ನೂ ತಿಳಿಸೀತೆ? ಇಲ್ಲ. ಅದು ಶಾಖವನ್ನು ತೋರಿಸುತ್ತದೆ. ಟ್ಯಾಂಕ್ ಯಾರದ್ದೆಂದು ಹೇಳುವುದಿಲ್ಲ. ದೂರದಲ್ಲಿ ಮಿತ್ರನೂ ಶತ್ರುವೂ ಒಂದೇ ಬಗೆಯ ಬಿಳಿ ಮಚ್ಚೆ. ಆ ಯುದ್ಧದಲ್ಲಿ ಕದನಗಳಲ್ಲಿ ಸತ್ತ ಸುಮಾರು 148 ಅಮೆರಿಕನ್ ಸೈನಿಕರ ಪೈಕಿ 35 ಮಂದಿ ತಮ್ಮವರದ್ದೇ ಗುಂಡಿಗೆ ಬಲಿಯಾದರು. ಕಾಣುವುದು ಬೇರೆ, ಗುರುತಿಸುವುದು ಬೇರೆ. ಉಪಕರಣ ಮೊದಲನೆಯದನ್ನು ಮಾಡಿಕೊಟ್ಟೀತು. ಎರಡನೆಯದು ಮನುಷ್ಯನ ವಿವೇಚನೆಗೆ ಬಿಟ್ಟದ್ದು.

2020ರಲ್ಲಿ ಮೆರೀನ್ ಪಡೆ ತನ್ನ ಟ್ಯಾಂಕುಗಳನ್ನೆಲ್ಲ ಕೈಬಿಡುವ ನಿರ್ಧಾರ ಪ್ರಕಟಿಸಿತು. ಅದೇ ವರ್ಷ ಕೋವಿಡ್ ಕಾಲದಲ್ಲಿ ವಿಮಾನ ನಿಲ್ದಾಣಗಳಲ್ಲಿ ಜ್ವರ ಪತ್ತೆಗೆ ನಿಂತದ್ದು ಇದೇ ತತ್ತ್ವದ ಕ್ಯಾಮೆರಾ. ನಿಮ್ಮ ದೇಹದ ಉಷ್ಣತೆ 310 ಕೆಲ್ವಿನ್ ಎಂದುಕೊಳ್ಳಿ. ನೀವು ಸೂಸುವ ಅತಿ ತೀವ್ರ ವಿಕಿರಣದ ತರಂಗದೂರ ಎಷ್ಟು? ಲೆಕ್ಕ ಹಾಕಿ ನೋಡಿ.