ತಾರೀಖು ನೋಡಿ ಓದು: ಫ್ಯಾಂಟಮ್ ಚಿತ್ರಕಥೆಯ ಚರಿತ್ರೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಕೊಡು ಎಂದು ಗುರುಗಳು ಫೋನ್ ಮಾಡಿದಾಗ ನಾನು ಹಿಂಜರಿದೆ. ಶಾಲೆಯ ಇತಿಹಾಸ ಬರೆಯಲು ನನಗಿಂತ ಹಿರಿಯರಿದ್ದಾರೆ. ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. "ನಿನಗ ಗೊತ್ತಿರೋದನ್ನ ಬರಿಯಪಾ, ಗೊತ್ತಿಲ್ಲದ್ದು ಬ್ಯಾಡ" ಎಂದರು ಗುರುಗಳು. ನನಗೆ ಮೊದಲಿನಿಂದ ಕೊನೆಯವರೆಗೆ ಗೊತ್ತಿರುವ ಚರಿತ್ರೆ ಒಂದೇ. ಅದು ಮುಖವಾಡದ ಫ್ಯಾಂಟಮ್‌ನದು. ನಗಬೇಡಿ. ನಮ್ಮ ಭಾಗದ ಎಷ್ಟೋ ಮಂದಿ ಪಾಠದ ಪುಸ್ತಕ ಬಿಟ್ಟು ತಾವಾಗಿಯೇ ಓದಿದ ಮೊದಲ ಓದು ಇಂಥ ಚಿತ್ರಕಥೆಗಳೇ.

ನಮ್ಮ ಕಾಕಾ ಇದೇ ಶಾಲೆಯ ಮೊದಮೊದಲ ವರ್ಷಗಳ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿ ಮುಗಿಸಿ ರೋಣದ ಬಜಾರದಲ್ಲಿ ಟೇಲರ್ ಅಂಗಡಿ ಇಟ್ಟರು. ಗಿರಾಕಿಗಳು ಕುಳಿತು ಓದಲೆಂದು 'ಸುಧಾ' ವಾರಪತ್ರಿಕೆ ತರಿಸುತ್ತಿದ್ದರು. ವಾರ ಕಳೆದು ಹೊಸ ಸಂಚಿಕೆ ಬಂದ ಮೇಲೆ ಹಳೆಯದರಲ್ಲಿನ ಫ್ಯಾಂಟಮ್ ಪುಟವನ್ನು ಕತ್ತರಿಯಿಂದ ನೀಟಾಗಿ ಬಿಡಿಸಿ, ಮೂಲೆಯಲ್ಲಿ ತಾರೀಖು ಬರೆದು ಒಂದು ಡಬ್ಬಿಯಲ್ಲಿ ಇಡುತ್ತಿದ್ದರು. ಸಾಕಷ್ಟು ಪುಟಗಳಾದ ಮೇಲೆ ದಬ್ಬಣ ಮತ್ತು ದಪ್ಪ ದಾರದಿಂದ ಹೊಲಿದು ಕಟ್ಟು ಮಾಡುತ್ತಿದ್ದರು. ಅಂಥ ಒಂಬತ್ತು ಕಟ್ಟುಗಳಿದ್ದವು. ಅವುಗಳ ಜೊತೆಗೆ ಹುಬ್ಬಳ್ಳಿಗೆ ಹೋದಾಗ ಹಳೆ ಪುಸ್ತಕದ ಅಂಗಡಿಯಲ್ಲಿ ಕೊಂಡ 'ಇಂದ್ರಜಾಲ ಕಾಮಿಕ್ಸ್' ಪುಸ್ತಕಗಳೂ ಕೆಲವು.

ನಾನು ಅವನ್ನು ಕೈಗೆ ಸಿಕ್ಕ ಹಾಗೆ ಓದುತ್ತಿದ್ದೆ. ಒಂದು ಪುಸ್ತಕದಲ್ಲಿ ಫ್ಯಾಂಟಮ್‌ಗೆ ಇಬ್ಬರು ಮಕ್ಕಳು, ಇನ್ನೊಂದರಲ್ಲಿ ಡಯಾನಾಳನ್ನು ಮದುವೆಗೆ ಕೇಳಲು ಅವನಿಗೇ ಧೈರ್ಯವಿಲ್ಲ. ಇದು ಹೇಗೆ ಎಂದು ಕೇಳಿದೆ. ಕಾಕಾ ಮಷೀನು ತುಳಿಯುತ್ತಲೇ ಹೇಳಿದರು: "ಹಿಂದ ಮುಂದ ಓದಿದ್ರ ಹಂಗ ಆಕ್ಕೈತಿ. ತಾರೀಖ ನೋಡಿ ಓದೋ ತಮ್ಮಾ. ಅಳತಿ ಬರ್ಕೊಳ್ಳದ ಅರಿವಿಗೆ ಕತ್ರಿ ಹಚ್ಚಬಾರ್ದು."

ಆ ಮಾತನ್ನು ನಾನು ಪಾಲಿಸಿದ್ದು ಇಪ್ಪತ್ತು ವರ್ಷ ತಡವಾಗಿ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಮೂಲ ಇಂಗ್ಲಿಷ್ ಚಿತ್ರಕಥೆಗಳನ್ನು ಪ್ರಕಟವಾದ ಕ್ರಮದಲ್ಲೇ ಸೇರಿಸಿದ ಸಂಪುಟಗಳನ್ನು ಒಂದೊಂದಾಗಿ ಕೊಂಡು, ರಾತ್ರಿ ಊಟವಾದ ಮೇಲೆ ಓದತೊಡಗಿದೆ. ಹಾಗೆ ಓದಿದಾಗ ಕಂಡದ್ದನ್ನು ಇಲ್ಲಿ ಹೇಳುತ್ತೇನೆ.

ಫ್ಯಾಂಟಮ್ ಹುಟ್ಟಿದ್ದು 1936ರ ಫೆಬ್ರುವರಿ 17ರಂದು, ಅಮೆರಿಕದ ದಿನಪತ್ರಿಕೆಯಲ್ಲಿ. ಬರೆದವರು ಲೀ ಫಾಕ್. ಅದಕ್ಕೆ ಎರಡು ವರ್ಷ ಮೊದಲು ಅವರು ಮ್ಯಾಂಡ್ರೇಕ್ ಎಂಬ ಜಾದೂಗಾರನ ಕಥೆ ಶುರು ಮಾಡಿದ್ದರು. ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ, ಬ್ಯಾಟ್‌ಮನ್ 1939ರಲ್ಲಿ. ಮೈಗಂಟಿದ ಉಡುಪು, ಮುಖವಾಡ, ಕಣ್ಣುಗುಡ್ಡೆ ಕಾಣದ ಬಿಳಿ ಕಣ್ಣು ಇವೆಲ್ಲ ಫ್ಯಾಂಟಮ್‌ಗೆ ಅವರಿಗಿಂತ ಮೊದಲೇ ಇದ್ದವು. ಹಾರುವ ಶಕ್ತಿಯಿಲ್ಲ, ಗುಂಡು ತಗುಲಿದರೆ ರಕ್ತ ಬರುತ್ತದೆ. ಆದರೂ ಸೂಪರ್‌ಹೀರೋಗಳ ಸಾಲಿನಲ್ಲಿ ಅವನು ಹಿರಿಯಣ್ಣ.

ಮೊದಲ ಕಥೆಯಲ್ಲಿ ನಮಗೆ ಗೊತ್ತಿರುವ ಫ್ಯಾಂಟಮ್ ಇನ್ನೂ ಪೂರ್ತಿ ತಯಾರಾಗಿರಲಿಲ್ಲ. ಜಿಮ್ಮಿ ವೆಲ್ಸ್ ಎಂಬ ನಗರದ ಶ್ರೀಮಂತ ಯುವಕನೇ ರಾತ್ರಿ ಮುಖವಾಡ ಹಾಕಿಕೊಳ್ಳುತ್ತಾನೆ ಎಂಬುದು ಲೇಖಕರ ಮೊದಲ ಯೋಚನೆ. ಕಥೆ ನಡುವೆ ಇರುವಾಗಲೇ ಅವರು ಮನಸ್ಸು ಬದಲಿಸಿದರು. ಕಾಡು ಬಂತು, ತಲೆಬುರುಡೆಯ ಗುಹೆ ಬಂತು, ನಾನೂರು ವರ್ಷದ ವಂಶಾವಳಿ ಬಂತು. 1536ರಲ್ಲಿ ಕಡಲ್ಗಳ್ಳರಿಂದ ತಂದೆಯನ್ನು ಕಳೆದುಕೊಂಡ ಒಬ್ಬನು, ಅನ್ಯಾಯದ ವಿರುದ್ಧ ಹೋರಾಡುವುದಾಗಿ ತಲೆಬುರುಡೆ ಮುಟ್ಟಿ ಆಣೆ ಮಾಡಿದ. ಅಂದಿನಿಂದ ತಂದೆ ಸತ್ತರೆ ಮಗ ಅದೇ ಮುಖವಾಡ ತೊಡುತ್ತಾನೆ. ನಾವು ಓದುವವನು ಇಪ್ಪತ್ತೊಂದನೆಯವನು.

ಎರಡನೆಯದು ಅವನ ಊರು. ಮೊದಮೊದಲು ಅವನ ಕಾಡಿನ ಹೆಸರು 'ಬೆಂಗಾಲಿ'. ಅಲ್ಲಿ ಹುಲಿಗಳಿವೆ, ಶತ್ರುಗಳು 'ಸಿಂಗ್' ಎಂಬ ಕಡಲ್ಗಳ್ಳರು. ಅಂದರೆ ಹುಟ್ಟಿದಾಗ ಅವನು ಹೆಚ್ಚುಕಡಿಮೆ ನಮ್ಮ ನೆರೆಯವನೇ. ವರ್ಷಗಳು ಕಳೆದಂತೆ ಆ ಕಾಡು ಸದ್ದಿಲ್ಲದೆ ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಯಿತು, ಹೆಸರು 'ಬಂಗಲ್ಲಾ' ಆಯಿತು. ಭಾರತದಲ್ಲಿ ಇಂದ್ರಜಾಲ ಕಾಮಿಕ್ಸ್‌ನವರು ಇನ್ನೊಂದು ಬದಲಾವಣೆ ಮಾಡಿದರು. ಬಂಗಾಳದವರಿಗೂ ಸಿಂಗ್ ಎಂಬ ಹೆಸರಿನವರಿಗೂ ನೋವಾಗಬಾರದಲ್ಲ? ಹೀಗಾಗಿ ನಾಡು 'ಡೆಂಕಾಲಿ' ಆಯಿತು, ಕಡಲ್ಗಳ್ಳರು 'ಸಿಂಗಾ' ಆದರು. ಡೆಂಕಾಲಿ ಭೂಪಟದಲ್ಲಿ ಎಲ್ಲಿದೆ ಎಂದು ನಾನು ಎಂಟನೆಯ ತರಗತಿಯಲ್ಲಿ ಶಾಲೆಯ ಅಟ್ಲಾಸ್ ಹುಡುಕಿದ್ದುಂಟು. ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎಂದು ಈಗ ಗೊತ್ತಾಯಿತು.

ಮೂರನೆಯದು ಕಾಲ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಅವನ ಕಾಡಿಗೆ ಜಪಾನಿ ಸೈನ್ಯ ನುಗ್ಗುತ್ತದೆ. ಆಫ್ರಿಕಾದ ದೇಶಗಳು ಒಂದಾದ ಮೇಲೊಂದು ಸ್ವತಂತ್ರವಾದ 1960ರ ದಶಕದಲ್ಲಿ ಕಥೆಯೊಳಗೂ ಚುನಾವಣೆ ಬರುತ್ತದೆ, ಲುವಾಗಾ ಎಂಬ ಕರಿಯ ವೈದ್ಯ ಅಧ್ಯಕ್ಷನಾಗುತ್ತಾನೆ. ಅಲ್ಲಿಯವರೆಗೆ ಕಾಡಿನ ಜನರಿಗೆಲ್ಲ ಒಬ್ಬ ಬಿಳಿಯನೇ ದಿಕ್ಕು ಎಂಬಂತೆ ಕಥೆ ನಡೆದಿತ್ತು. ಹುಡುಗರಾಗಿ ಓದುವಾಗ ಇದು ನಮಗೆ ಚುಚ್ಚಲಿಲ್ಲ. ದೊಡ್ಡವನಾಗಿ ಓದುವಾಗ ಚುಚ್ಚಿತು. ಲೇಖಕರಿಗೂ ಕಾಲ ಪಾಠ ಹೇಳಿದ್ದು ಕ್ರಮದಲ್ಲಿ ಓದಿದರೆ ಮಾತ್ರ ತಿಳಿಯುತ್ತದೆ. ಡಯಾನಾಳ ಜೊತೆ ಮದುವೆಯಾದದ್ದು 1977ರಲ್ಲಿ, ಭೇಟಿಯಾಗಿ 41 ವರ್ಷದ ಮೇಲೆ! ಅವಳಿ ಮಕ್ಕಳು ಹುಟ್ಟಿದ್ದು 1979ರಲ್ಲಿ.

ಇನ್ನು ಬರೆದ ಕೈಗಳು. ಮೊದಲು ರೇ ಮೂರ್ ಚಿತ್ರ ಬರೆದರು. ಆಮೇಲೆ ವಿಲ್ಸನ್ ಮೆಕಾಯ್, ಅವರು 1961ರಲ್ಲಿ ತೀರಿಕೊಂಡ ಮೇಲೆ ಸೈ ಬ್ಯಾರಿ. ಮುಖವಾಡ ಅದೇ, ಗೆರೆ ಬೇರೆ. ಲೀ ಫಾಕ್ ಮಾತ್ರ 1999ರಲ್ಲಿ ಸಾಯುವವರೆಗೂ, ಅಂದರೆ 63 ವರ್ಷ, ಕಥೆ ಬರೆಯುತ್ತಲೇ ಇದ್ದರು.

ಈಗ ಒಂದು ಸೂಕ್ಷ್ಮ ನೋಡಿ. ಕಥೆಯೊಳಗಿನ ಕಾಡಿನ ಜನ ಫ್ಯಾಂಟಮ್‌ಗೆ ಸಾವಿಲ್ಲ ಎಂದೇ ನಂಬಿದ್ದಾರೆ. ಅಜ್ಜ ನೋಡಿದವನನ್ನೇ ಮೊಮ್ಮಗನೂ ನೋಡುತ್ತಾನಲ್ಲ! ನಿಜ ಗೊತ್ತಿರುವುದು ಗುಹೆಯೊಳಗಿನ ಕಪಾಟಿಗೆ ಮಾತ್ರ. ಪ್ರತಿಯೊಬ್ಬ ಫ್ಯಾಂಟಮ್ ತನ್ನ ಕಾಲದಲ್ಲಿ ನಡೆದದ್ದನ್ನು ದಪ್ಪ ಪುಸ್ತಕಗಳಲ್ಲಿ ಬರೆದು ಅಲ್ಲಿ ಸಾಲಾಗಿ ಇಟ್ಟಿದ್ದಾನೆ. ಯಾರು ಯಾವಾಗ ಬಂದರು, ಯಾವಾಗ ಸತ್ತರು ಎಂಬುದೆಲ್ಲ ಅಲ್ಲಿದೆ. ಕೈಗೆ ಸಿಕ್ಕಂತೆ ಓದುತ್ತಿದ್ದ ನಾನೂ ಆ ಕಾಡಿನ ಜನರ ಹಾಗೆಯೇ ಇದ್ದೆ. ಕ್ರಮ ತಪ್ಪಿದರೆ ಫ್ಯಾಂಟಮ್ ಸಾವಿಲ್ಲದ ಪುರಾಣಪುರುಷ. ಕ್ರಮದಲ್ಲಿ ಓದಿದರೆ ಅವನು ಹುಟ್ಟಿದ, ತಪ್ಪು ಮಾಡಿದ, ಬದಲಾದ, ಮುದುಕರ ಕೈಯಿಂದ ಕಿರಿಯರ ಕೈಗೆ ಬಂದ ಒಂದು ಚರಿತ್ರೆ. ನನಗೆ ಎರಡನೆಯ ಫ್ಯಾಂಟಮ್ ಹೆಚ್ಚು ದೊಡ್ಡವನಾಗಿ ಕಂಡ.

ಭಾರತದಲ್ಲಿ ಈ ಕ್ರಮ ಹಿಡಿಯುವುದು ಸುಲಭವಲ್ಲ. ಟೈಮ್ಸ್ ಆಫ್ ಇಂಡಿಯಾ ಬಳಗದವರು ಇಂದ್ರಜಾಲ ಕಾಮಿಕ್ಸ್ ಶುರು ಮಾಡಿದ್ದು 1964ರ ಮಾರ್ಚ್‌ನಲ್ಲಿ. ಮೊದಲ ಸಂಚಿಕೆ ಫ್ಯಾಂಟಮ್‌ನ ಬೆಲ್ಟಿನ ಕಥೆ. ಅದು 1936ರ ಮೊದಲ ಕಥೆಯಲ್ಲ. ಇಂಗ್ಲಿಷ್, ಹಿಂದಿ, ಮರಾಠಿಗಳ ಜೊತೆಗೆ ಮುಂದೆ ಕನ್ನಡದಲ್ಲೂ ಈ ಪುಸ್ತಕಗಳು ಬಂದವು. 1976ರಲ್ಲಿ ಆಬಿದ್ ಸುರತಿಯವರು ಸೃಷ್ಟಿಸಿದ ಬಹಾದೂರ್ ಎಂಬ ನಮ್ಮದೇ ನಾಯಕನೂ ಬಂದ. 1990ರಲ್ಲಿ ಇಂದ್ರಜಾಲ ನಿಂತಿತು. ಒಟ್ಟು 803 ಸಂಚಿಕೆಗಳು, ಅರ್ಧಕ್ಕಿಂತ ಹೆಚ್ಚು ಫ್ಯಾಂಟಮ್‌ನವು. ಇದರಲ್ಲಿ 123 ಮತ್ತು 124ನೆಯ ಸಂಚಿಕೆಗಳು ಮುಷ್ಕರದಿಂದಾಗಿ ಅಚ್ಚಾಗಲೇ ಇಲ್ಲ. ಗೊತ್ತಿಲ್ಲದ ಸಂಗ್ರಾಹಕ ಅವೆರಡನ್ನು ಜೀವನವಿಡೀ ಹುಡುಕಬೇಕು.

ಕನ್ನಡಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿ ಇದೆ. 'ಅಮರ ಚಿತ್ರ ಕಥೆ' ಎಲ್ಲರಿಗೂ ಗೊತ್ತು. ಅದರ ಇಂಗ್ಲಿಷ್ ಮಾಲೆಯ ಹಳೆಯ ಪಟ್ಟಿ ನೋಡಿದರೆ 'ಕೃಷ್ಣ' ಪುಸ್ತಕದ ಸಂಖ್ಯೆ 11. ಅದಕ್ಕೂ ಮೊದಲಿನದು ಪಟ್ಟಿಯಲ್ಲಿಲ್ಲ. ಹಾಗಾದರೆ ಮೊದಲ ಹತ್ತು ಎಲ್ಲಿ? ಅವು ಕನ್ನಡದವು! ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿ ಮಾರಾಟದ ಕೆಲಸದಲ್ಲಿದ್ದ ಜಿ. ಕೆ. ಅನಂತರಾಮ್ ಅವರು, ಕನ್ನಡದ ಮಕ್ಕಳಿಗೂ ಬಣ್ಣದ ಚಿತ್ರಕಥೆ ಬೇಕು ಎಂದು ಒತ್ತಾಯಿಸಿ 1965ರಲ್ಲಿ ಹತ್ತು ಪುಸ್ತಕಗಳನ್ನು ಕನ್ನಡದಲ್ಲಿ ತರಿಸಿದರು. ಸಿಂಡ್ರೆಲಾ, ಪಿನೋಕಿಯೊ ಮುಂತಾದ ಹೊರನಾಡಿನ ಕಥೆಗಳು ಅವು. ಅವು ಚೆನ್ನಾಗಿ ಮಾರಾಟವಾದ ಮೇಲೆ ಅನಂತ ಪೈ ಅವರು ಮುಂಬೈಯಲ್ಲಿ ನಮ್ಮ ಪುರಾಣದ ಕಥೆಗಳನ್ನು ಕೈಗೆತ್ತಿಕೊಂಡರು. ದೇಶವೇ ಓದಿದ ಒಂದು ಮಾಲೆ ಕನ್ನಡದಲ್ಲಿ ಹುಟ್ಟಿತು ಎಂಬುದಕ್ಕೆ ಆ 11 ಎಂಬ ಅಂಕಿಯೇ ಗುರುತು. ಆ ಹತ್ತು ಪುಸ್ತಕಗಳನ್ನು ನಮ್ಮ ಭಾಗದ ಯಾವ ಗ್ರಂಥಾಲಯದಲ್ಲೂ ನಾನು ಕಂಡಿಲ್ಲ.

ನನ್ನ ವಾರಿಗೆಯವರಿಗೆ 'ಬಾಲಮಂಗಳ'ದ ಡಿಂಗ ನೆನಪಿದ್ದೇ ಇರುತ್ತಾನೆ. ಕೇರಳದ ಮಂಗಳಂ ಪ್ರಕಾಶನದವರ ಮಲಯಾಳ ಪತ್ರಿಕೆಯಲ್ಲಿ 1983ರಲ್ಲಿ ಹುಟ್ಟಿದ ಇಲಿ ಅವನು. ಎನ್. ಸೋಮಶೇಖರನ್ ಕಥೆ, ಬೇಬಿ ಎಂಬುವರ ಚಿತ್ರ. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಬಾಲಮಂಗಳ ಕೊಂಡು, ಬಸ್ಸು ರೋಣ ಮುಟ್ಟುವುದರೊಳಗೆ ಓದಿ ಮುಗಿಸಿದ ದಿನಗಳಿವೆ. ಇವತ್ತು ಡಿಂಗನನ್ನು ಕನ್ನಡದಲ್ಲಿ ಮೊದಲ ಕಂತಿನಿಂದ ಓದಬೇಕೆಂದರೆ ಎಲ್ಲಿಗೆ ಹೋಗಬೇಕು? ಓದಿ ಬಿಟ್ಟೆವು, ಇಟ್ಟುಕೊಳ್ಳಲಿಲ್ಲ.

ಇಟ್ಟುಕೊಳ್ಳದವರಲ್ಲಿ ನಾನೇ ಮೊದಲಿಗ. ಬಿ.ಇ. ಓದುವಾಗ ರಜೆಗೆ ಊರಿಗೆ ಬಂದಿದ್ದೆ. ಮನೆಗೆ ಸುಣ್ಣ ಹಚ್ಚುವುದಿತ್ತು. ಅಟ್ಟ ಖಾಲಿ ಮಾಡು ಎಂದು ಅವ್ವ ಹೇಳಿದಳು. ರದ್ದಿಯವ ಬಾಗಿಲಿಗೆ ಬಂದಿದ್ದ. ಹಳೆ ಪೇಪರಿನ ಜೊತೆಗೆ ಒಂಬತ್ತು ಕಟ್ಟುಗಳನ್ನೂ ತಕ್ಕಡಿಗೆ ಹಾಕಿದೆ. ಅವೇನೆಂದು ನನಗೆ ಗೊತ್ತಿತ್ತು. ಕಾಲೇಜಿನ ಹುಡುಗನಿಗೆ ಇನ್ನೂ ಫ್ಯಾಂಟಮ್ ಯಾಕೆ ಎಂಬ ಹಮ್ಮು. ಸಂಜೆ ಕಾಕಾ ಅಂಗಡಿಯಿಂದ ಬಂದು ಖಾಲಿ ಅಟ್ಟ ನೋಡಿದರು. "ಹೋಗ್ಲಿ ಬಿಡು, ಜಾಗ ಆತು" ಎಂದರು. ಮುಂದೆ ಆ ಮಾತು ಎತ್ತಲೇ ಇಲ್ಲ. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ.

ಈ ಲೇಖನಕ್ಕಾಗಿ ಹೋದ ತಿಂಗಳು ಕಾಕಾರ ಎದುರು ಕುಳಿತೆ. ಈಗ ಅವರಿಗೆ ಸೂಜಿಗೆ ದಾರ ಪೋಣಿಸುವಷ್ಟು ಕಣ್ಣಿಲ್ಲ. ಒಂಬತ್ತು ಕಟ್ಟುಗಳಲ್ಲಿ ಏನೇನಿತ್ತು ಎಂದು ಕೇಳಿದೆ. ಬೆರಳು ಮಡಚುತ್ತ ಒಂದೊಂದೇ ಹೇಳಿದರು. ಮೊದಲ ಕಟ್ಟು ಹೊಲಿದದ್ದು ನರಗುಂದದಲ್ಲಿ ಗೋಲಿಬಾರ್ ಆದ ವರ್ಷ. ಅಂದರೆ 1980. ಮಲಪ್ರಭಾ ನೀರಾವರಿಯ ಕರದ ವಿರುದ್ಧ ಜುಲೈ 21ರಂದು ರೈತರು ಎದ್ದ ವರ್ಷ. ಅಂಗಡಿ ಮುಚ್ಚಿಸಿದ್ದರಂತೆ. ಒಳಗೆ ಕುಳಿತು ಕಟ್ಟು ಹೊಲಿದರಂತೆ. ಕೊನೆಯದು ಧಾರವಾಡದಿಂದ ಬೇರೆಯಾಗಿ ಗದಗ ಜಿಲ್ಲೆ ಆದ ವರ್ಷದ್ದು, 1997. ನಡುವಿನ ಏಳಕ್ಕೂ ಒಂದೊಂದು ಗುರುತು: ಯಾರ ಲಗ್ನ, ಯಾವ ಬರಗಾಲ, ಹೊಸ ಮಷೀನು ತಂದದ್ದು. ಕಾಗದ ಹೋಗಿತ್ತು, ಕ್ರಮ ಉಳಿದಿತ್ತು. ನಾನು ಬರೆದುಕೊಂಡೆ. ಎರಡು ಪುಟದ ಆ ಪಟ್ಟಿಯ ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೆ ಕೊಡುತ್ತಿದ್ದೇನೆ. ಆದರೆ ಎಲ್ಲ ಮನೆಯಲ್ಲೂ ಹೀಗೆ ನೆನಪಿಟ್ಟವರು ಇರುವುದಿಲ್ಲ, ಇದ್ದವರೂ ಯಾವಾಗಲೂ ಇರುವುದಿಲ್ಲ.

ನಮ್ಮ ಶಾಲೆಯೂ ಫ್ಯಾಂಟಮ್‌ನ ಹಾಗೆಯೇ ಇದೆ. ಹೊರಗಿನವರಿಗೆ ಐವತ್ತು ವರ್ಷದಿಂದ ಅದೇ ಗೇಟು, ಅದೇ ಗಂಟೆ, ಅದೇ ಶಾಲೆ. ಒಳಗೆ ಎಷ್ಟು ಗುರುಗಳು ಬಂದರು, ಎಷ್ಟು ಜನ ಹೋದರು, ಯಾವ ವರ್ಷ ಏನು ಬದಲಾಯಿತು ಎಂಬುದು ಹಾಜರಿ ಪುಸ್ತಕಕ್ಕೂ ಹಳೆ ಫೋಟೋಗಳಿಗೂ ಗೊತ್ತು. ಅದಕ್ಕೇ ಹಳೆಯ ವಿದ್ಯಾರ್ಥಿಗಳಲ್ಲಿ, ಊರ ಹಿರಿಯರಲ್ಲಿ ನನ್ನ ವಿನಂತಿ. ನಿಮ್ಮ ಟ್ರಂಕಿನಲ್ಲಿ, ಅಟ್ಟದಲ್ಲಿ ಹಳೆ ಸುಧಾ, ಚಂದಮಾಮ, ಇಂದ್ರಜಾಲ, ಬಾಲಮಂಗಳ ಇದ್ದರೆ ರದ್ದಿಗೆ ಹಾಕುವ ಮೊದಲು ಶಾಲೆಗೆ ಒಂದು ಮಾತು ತಿಳಿಸಿ. ತರಗತಿಯ ಗ್ರೂಪ್ ಫೋಟೋ ಇದ್ದರೆ ಹಿಂಬದಿಗೆ ಪೆನ್ಸಿಲ್‌ನಿಂದ ಹೆಸರುಗಳನ್ನೂ ಇಸವಿಯನ್ನೂ ಬರೆದಿಡಿ. ಹೆಸರು ಹೇಳುವವರು ಇನ್ನೂ ನಮ್ಮ ನಡುವೆ ಇದ್ದಾರೆ. ಈ ಸಂಚಿಕೆಯ ಮೇಲೂ ತಾರೀಖು ಇದೆ. ಮುಂದೆ ಶತಮಾನೋತ್ಸವದ ಸಂಚಿಕೆ ತರುವ ಹುಡುಗ ಹುಡುಗಿಯರು ಇಲ್ಲಿಂದಲೇ ಕ್ರಮ ಹಿಡಿಯಬೇಕಾಗುತ್ತದೆ. ದಯವಿಟ್ಟು ಇದನ್ನು ಇಟ್ಟುಕೊಳ್ಳಿ.