ಮಾಗಿಯ ಚಳಿ ಮತ್ತು ತಡವಾಗಿ ಕೊಟ್ಟ ಒಂದು ಉತ್ತರ



1992ರ ಡಿಸೆಂಬರ್ ತಿಂಗಳ ಒಂದು ಬೆಳಗು. ಮೊದಲನೆಯ ಅವಧಿಯ ಸಮಾಜ ಪಾಠ. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಬ್ರೆಜಿಲ್ ದೇಶದ ರಿಯೊ ಡಿ ಜನೈರೊದಲ್ಲಿ ಭೂಶೃಂಗ ಸಮ್ಮೇಳನ ನಡೆದಿತ್ತು. ಪತ್ರಿಕೆಗಳಲ್ಲಿ ಓದಿದ್ದನ್ನು ಮಕ್ಕಳಿಗೆ ಹೇಳುವ ಉತ್ಸಾಹ ನನಗೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿ ಭೂಮಿ ಬಿಸಿಯಾಗುತ್ತಿದೆ ಎಂದು ವಿವರಿಸುತ್ತಿದ್ದಂತೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಮುಂಜಾವದ ಮಂಜಿನಲ್ಲಿ ಗದ್ದೆಯ ಬದುವಿನ ಮೇಲೆ ನಡೆದು ಬಂದವನು. ಮೈಮೇಲೆ ಅಣ್ಣನ ಹಳೆಯ ಸ್ವೆಟರು. "ಸರ್, ಭೂಮಿ ಬಿಸಿಯಾಗುತ್ತಿದೆ ಎಂದಾದರೆ ನಮಗೆ ಈ ಚಳಿ ಎಲ್ಲಿಂದ ಬಂತು?" ಎಂದು ಕೇಳಿದ.

"ನಿನ್ನ ಹಲ್ಲು ಕಟಕಟಿಸುವ ವಿಚಾರವನ್ನು ರಿಯೊದವರಿಗೆ ಕಾಗದ ಬರೆದು ತಿಳಿಸೋಣ" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ಕುಳಿತ. ನಾನು ಮುಂದಿನ ಪಾಠಕ್ಕೆ ಹೋದೆ.

ನಿಜ ಹೇಳಬೇಕೆಂದರೆ ನನಗೆ ಉತ್ತರ ಗೊತ್ತಿರಲಿಲ್ಲ. ಉತ್ತರ ಗೊತ್ತಿಲ್ಲದ ಉಪಾಧ್ಯಾಯನಿಗೆ ಹಾಸ್ಯ ಒಂದು ಒಳ್ಳೆಯ ಛತ್ರಿ. ಆ ಪ್ರಶ್ನೆ ದಡ್ಡತನದ್ದಾಗಿರಲಿಲ್ಲ. 2015ರ ಫೆಬ್ರವರಿಯಲ್ಲಿ ಅಮೆರಿಕದ ಸೆನೆಟ್ ಸಭೆಗೆ ಜೇಮ್ಸ್ ಇನ್ಹೋಫ್ ಎಂಬ ಸದಸ್ಯರು ಹೊರಗಿನಿಂದ ಒಂದು ಹಿಮದ ಉಂಡೆಯನ್ನೇ ತಂದು, ಹೊರಗೆ ಎಷ್ಟು ಚಳಿಯಿದೆ ನೋಡಿ ಎಂದು ತೋರಿಸಿದರು. ನಮ್ಮ ಹುಡುಗ ಕೇಳಿ ತಿಳಿಯಬಯಸಿದ್ದನ್ನು ಅವರು ತೀರ್ಪಾಗಿಯೇ ಮಂಡಿಸಿದರು, ವ್ಯತ್ಯಾಸ ಅಷ್ಟೇ. ಅವರು ಉಂಡೆ ಹಿಡಿದ ಆ 2015ನೆಯ ಇಸವಿಯೇ ಜಗತ್ತಿನಲ್ಲಿ ಅಲ್ಲಿಯವರೆಗಿನ ಅತ್ಯಂತ ಬಿಸಿ ವರ್ಷವೆಂದು ದಾಖಲಾಯಿತು.

ಮೊದಲು ನಮ್ಮ ಊರಿನ ಚಳಿಯ ಸ್ವರೂಪವನ್ನು ನೋಡೋಣ. ಮಾಗಿಯಲ್ಲಿ ಇನ್ನಂಜೆಯಲ್ಲಾಗಲಿ ಕಾಪುವಿನಲ್ಲಾಗಲಿ ಆಕಾಶ ನಿರ್ಮಲವಾಗಿರುತ್ತದೆ, ಗಾಳಿ ಒಣಗಿರುತ್ತದೆ. ಹಗಲು ನೆಲ ಹೀರಿದ ಶಾಖ ರಾತ್ರಿ ತಡೆಯಿಲ್ಲದೆ ಮೇಲಕ್ಕೆ ಹೋಗುತ್ತದೆ; ಘಟ್ಟದ ಕಡೆಯಿಂದ ನೆಲಗಾಳಿ ಇಳಿಯುತ್ತದೆ. ಮುಂಜಾನೆ ಕಂಬಳಿ ಬೇಕಾಗುತ್ತದೆ. ಅದೇ ದಿನ ಮಧ್ಯಾಹ್ನ ಮೂವತ್ತಮೂರು, ಮೂವತ್ತನಾಲ್ಕು ಡಿಗ್ರಿ ಸೆಲ್ಸಿಯಸ್ ಬಿಸಿಲು! ಜನವರಿ, ಫೆಬ್ರವರಿಯ ಎಷ್ಟೋ ದಿನಗಳಲ್ಲಿ ಇಡೀ ದೇಶದ ಗರಿಷ್ಠ ತಾಪಮಾನ ಕರಾವಳಿ ಕರ್ನಾಟಕದಲ್ಲೋ ಕೇರಳದಲ್ಲೋ ದಾಖಲಾಗುವುದುಂಟು. ಬೆಳಿಗ್ಗೆ ಕೇಳಿದರೆ ಭೂಮಿ ತಣ್ಣಗಾಗುತ್ತಿದೆ, ಮಧ್ಯಾಹ್ನ ಕೇಳಿದರೆ ಬೆಂದುಹೋಗುತ್ತಿದೆ. ಎರಡೂ ಆ ದಿನದ ಮಾತು, ಯುಗದ ಮಾತಲ್ಲ.

ಇನ್ನು ನನ್ನ ವಿಷಯವಾದ ಇತಿಹಾಸಕ್ಕೆ ಬರುತ್ತೇನೆ.

ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ ಸೆಲ್ಸಿಯಸ್. ದಿನಾಂಕ 1884ರ ಜನವರಿ 13. ಅದಕ್ಕೆ ಹದಿನೈದು ದಿನ ಮೊದಲು, 1883ರ ಡಿಸೆಂಬರ್ 29ರಂದು, 8.9 ಡಿಗ್ರಿಗೆ ಇಳಿದಿತ್ತು. ಡಿಸೆಂಬರ್ ತಿಂಗಳ ಮಟ್ಟಿಗೆ ಅದೂ ಇಂದಿನವರೆಗೆ ಮುರಿಯದ ದಾಖಲೆ. ಹೀಗೆ ಎರಡು ದಾಖಲೆಗಳು ಒಂದೇ ಚಳಿಗಾಲದಲ್ಲಿ!

ಆ ಚಳಿಗಾಲದ ಹಿಂದೆ ಒಂದು ಕಥೆಯಿದೆ. 1883ರ ಆಗಸ್ಟ್ 26 ಮತ್ತು 27ರಂದು ಜಾವಾ, ಸುಮಾತ್ರಾ ದ್ವೀಪಗಳ ನಡುವಿನ ಕ್ರಾಕಟೋವಾ ಜ್ವಾಲಾಮುಖಿ ಸಿಡಿಯಿತು. ಮೂವತ್ತಾರು ಸಾವಿರಕ್ಕೂ ಹೆಚ್ಚು ಜನ, ಬಹುಪಾಲು ಸಮುದ್ರದ ಅಲೆಗಳಿಗೆ ಸಿಕ್ಕಿ, ಸತ್ತರು. ಮೇಲಕ್ಕೆ ಚಿಮ್ಮಿದ ಬೂದಿ ಮತ್ತು ಗಂಧಕದ ಅನಿಲ ಎತ್ತರದ ವಾಯುಮಂಡಲದಲ್ಲಿ ಭೂಮಿಯನ್ನು ಸುತ್ತಿದವು. ಸೆಪ್ಟೆಂಬರ್ ತಿಂಗಳಲ್ಲಿ ಮದರಾಸಿನ ಜನ ಹಸಿರು ಬಣ್ಣದ ಸೂರ್ಯನನ್ನು ಕಂಡರು. ಅಲ್ಲಿ ಪ್ರಾಧ್ಯಾಪಕರಾಗಿದ್ದ, ಮುಂದೆ ಕೊಡೈಕೆನಾಲ್ ವೀಕ್ಷಣಾಲಯವನ್ನು ಸ್ಥಾಪಿಸಿದ ಮಿಚಿ ಸ್ಮಿತ್ ಅದನ್ನು ಗಮನಿಸಿ ಬರೆದಿಟ್ಟರು. ನಮ್ಮ ದಕ್ಷಿಣ ಕನ್ನಡ ಆಗ ಅದೇ ಮದರಾಸು ಪ್ರಾಂತಕ್ಕೆ ಸೇರಿತ್ತು. ಗಂಧಕದ ಆ ತೆಳು ಪರದೆ ಬಿಸಿಲಿನ ಒಂದು ಪಾಲನ್ನು ಹಿಂದಕ್ಕೆ ತಳ್ಳಿದ್ದರಿಂದ ಮುಂದಿನ ಕೆಲವು ವರ್ಷ ಜಗತ್ತಿನ ಸರಾಸರಿ ತಾಪಮಾನ ಸ್ವಲ್ಪ ಇಳಿಯಿತು.

ಇಲ್ಲಿಗೆ ಬಂದಾಗ ಕೈ ತುರಿಸುತ್ತದೆ. ಕ್ರಾಕಟೋವಾ ಸಿಡಿಯಿತು, ಆದ್ದರಿಂದ ಬೆಂಗಳೂರು ನಡುಗಿತು ಎಂದು ಬರೆದುಬಿಟ್ಟರೆ ಕಥೆ ಎಷ್ಟು ಚೆಂದ! ಹಾಗೆ ಬರೆಯಲಾರೆ. ಒಂದು ಊರಿನ ಒಂದು ರಾತ್ರಿಯ ಚಳಿಗೆ ಆ ರಾತ್ರಿಯ ನಿರ್ಮಲಾಕಾಶ, ಉತ್ತರದಿಂದ ಬೀಸಿದ ಒಣಗಾಳಿ ಇಂಥವೇ ಸಾಕು. ಬಾರ್ಕೂರಿನಲ್ಲಿ ಒಂದು ಶಾಸನ ಸಿಕ್ಕಿತೆಂದು ಅದೊಂದರಿಂದಲೇ ಆಳುಪರ ರಾಜ್ಯದ ಎಲ್ಲೆ ಎಳೆಯಬಾರದೆಂದು ನಿಮಗೆಲ್ಲ ಎಷ್ಟು ಸಲ ಹೇಳಿದ್ದೆ! ಹತ್ತು ಶಾಸನಗಳನ್ನು ಜೋಡಿಸಿ ಓದಬೇಕು. ಆಕಾಶದ ಶಾಸನಕ್ಕೂ ಅದೇ ನಿಯಮ.

ಹಾಗೆಂದು ಚಳಿಗಾಲವು ಏನನ್ನೂ ಹೇಳುವುದಿಲ್ಲವೇ? ಹೇಳುತ್ತದೆ, ಸರಿಯಾದ ಪ್ರಶ್ನೆ ಕೇಳಿದರೆ. ಹಳೆ ಮೈಸೂರಿನವರು ಧಾತು, ಈಶ್ವರ ಸಂವತ್ಸರಗಳ ಬರವೆಂದು ನೆನೆಯುವ 1876-78ರ ಭೀಕರ ಕ್ಷಾಮದ ಬಳಿಕ, ಮಳೆಯನ್ನು ಮುಂದಾಗಿ ತಿಳಿಯುವ ದಾರಿಗಾಗಿ ಸರಕಾರ ಹುಡುಕತೊಡಗಿತು. 1875ರಲ್ಲಿ ಸ್ಥಾಪನೆಯಾಗಿದ್ದ ಭಾರತೀಯ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫರ್ಡ್, ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಮುಂಗಾರು ಸೊರಗುವ ಸಂಭವವಿದೆಯೆಂದು 1884ರಲ್ಲಿ ಬರೆದರು. ಹೌದು, ಅದೇ 1884. ಒಂದು ಚಳಿಗಾಲದ ಹಿಮ ಅದೇ ವರ್ಷದ ಮಳೆಯ ಬಗ್ಗೆ ಸುಳಿವು ಕೊಡಬಲ್ಲದು. ನೂರು ವರ್ಷಗಳ ಬಗ್ಗೆ ಕೇಳಿದರೆ ಮೌನವಾಗುತ್ತದೆ.

ನೂರು ವರ್ಷದ ಪ್ರಶ್ನೆಗೆ ಉತ್ತರ ಕೊಡುವುದು ಲೆಕ್ಕದ ಪುಸ್ತಕ. ಒಂದು ಊರಿನ ಹವಾಮಾನವನ್ನು ಕನಿಷ್ಠ ಮೂವತ್ತು ವರ್ಷಗಳ ಸರಾಸರಿಯಿಂದ ಅಳೆಯುವುದು ರೂಢಿ. ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು ನೆನಪಿಸಿಕೊಳ್ಳಿ: ಒಬ್ಬ ಹುಡುಗ ಗಣಿತದಲ್ಲಿ ಹನ್ನೆರಡು ಅಂಕ ತೆಗೆದನೆಂದು ಆ ವರ್ಷದ ಶಾಲೆಯ ಫಲಿತಾಂಶ ಕುಸಿಯಿತೆಂದು ಯಾರೂ ಹೇಳುವುದಿಲ್ಲ. ನಮ್ಮ ಇಡೀ ಭಾರತವೇ ಭೂಮಿಯ ಮೇಲ್ಮೈಯಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ, ಇನ್ನು ಇನ್ನಂಜೆ ಎಷ್ಟರದು?

ನಮ್ಮ ದೇಶದ ಸರಾಸರಿ ತಾಪಮಾನದ ಲೆಕ್ಕ 1901ರಿಂದ ಸಿಗುತ್ತದೆ. ಕಾಪುವಿನ ದೀಪಸ್ತಂಭ ಕಟ್ಟಿದ ವರ್ಷವೂ ಅದೇ, ಆದ್ದರಿಂದ ನಮಗೆ ಮರೆಯುವ ಭಯವಿಲ್ಲ. 1901ರಿಂದ 2018ರ ನಡುವೆ ಭಾರತದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ ಎಂದು ಕೇಂದ್ರದ ಭೂವಿಜ್ಞಾನ ಸಚಿವಾಲಯದ 2020ರ ವರದಿ ತಿಳಿಸಿತು. ಅಮೆರಿಕದ ಚಾರ್ಲ್ಸ್ ಕೀಲಿಂಗ್ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ 1958ರಲ್ಲಿ ಅಳೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡ್ 315ರಷ್ಟಿತ್ತು. ಈಗ 420 ದಾಟಿದೆ.

ನಮ್ಮ ಕುಟುಂಬಕ್ಕೆ ಚಳಿಯ ಅಳತೆಗೋಲೆಂದರೆ ಉಡುಪಿಯ ಪರ್ಯಾಯ. ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ಮೆರವಣಿಗೆ ನೋಡಲು ರಥಬೀದಿಯಲ್ಲಿ ನಿಂತವರಿಗೆ ಚಳಿಯ ನೆನಪು ಇದ್ದೇ ಇರುತ್ತದೆ. 2024ರಲ್ಲಿ ಪುತ್ತಿಗೆ ಮಠದ ಪರ್ಯಾಯಕ್ಕೆ ಹೋಗಿದ್ದೆವು. ನಾನು ಶಾಲು ಹೊದ್ದು, ತಲೆಗೆ ಮಫ್ಲರ್ ಸುತ್ತಿ ನಿಂತಿದ್ದೆ. ಪಕ್ಕದಲ್ಲಿದ್ದ ಭಾವನವರು, "ಎಲ್ಲಿದೆಯೋ ನಿನ್ನ ಬಿಸಿ?" ಎಂದು ಹಾಸ್ಯ ಮಾಡಿದರು. ಉತ್ತರ ಭಾರತವೂ ಆ ದಿನಗಳಲ್ಲಿ ಮಂಜಿನಲ್ಲಿ ಮುಳುಗಿ ನಡುಗುತ್ತಿತ್ತು. ವರ್ಷ ಮುಗಿದು ಲೆಕ್ಕ ಕೂಡಿಸಿದಾಗ 2024 ಭಾರತದಲ್ಲಿ 1901ರಿಂದೀಚೆಗೆ ಅತ್ಯಂತ ಬಿಸಿಯಾದ ವರ್ಷವಾಗಿತ್ತು. ಭಾವನವರಿಗೆ ಪತ್ರಿಕೆ ತೋರಿಸಿದೆ. "ನನಗೆ ಆ ರಾತ್ರಿ ಚಳಿಯಾದದ್ದು ಸುಳ್ಳೇ?" ಎಂದರು. ಸುಳ್ಳಲ್ಲ. ಎಪ್ಪತ್ತು ದಾಟಿದವರ ಮೈ ಇಪ್ಪತ್ತರ ಮೈಯಂತೆ ಚಳಿಯನ್ನು ಅಳೆಯುವುದಿಲ್ಲ ಎಂಬುದನ್ನು ಮಾತ್ರ ನಾನು ಬಾಯಿಬಿಟ್ಟು ಹೇಳಲಿಲ್ಲ.

ನ್ಯಾಯ ಎರಡೂ ಕಡೆಗೆ ಒಂದೇ ಇರಬೇಕು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಾಪಮಾನ 39.2 ಡಿಗ್ರಿಗೆ ಏರಿ ದಾಖಲೆಯಾದಾಗ, "ನೋಡಿ, ಪ್ರಳಯ ಬಂತು" ಎಂದವರು ನನ್ನ ಗೆಳೆಯರಲ್ಲೇ ಇದ್ದರು. ಆ ಒಂದು ದಿನವೂ ಹಿಮದ ಉಂಡೆಯ ಅಣ್ಣನೇ ಸರಿ. ಬೆಂಗಳೂರಿನ ಬಿಸಿಯಲ್ಲಿ ಕಾಂಕ್ರೀಟಿನದೂ ಮುಚ್ಚಿಹೋದ ಕೆರೆಗಳದೂ ಪಾಲಿದೆ. ದಿನಗಳನ್ನು ಬಿಟ್ಟು ದಶಕಗಳನ್ನು ಸಾಲಾಗಿ ನಿಲ್ಲಿಸಿ ನೋಡಿದಾಗಲೇ ಏರಿಕೆ ಸಂಶಯಕ್ಕೆಡೆಯಿಲ್ಲದೆ ಕಾಣುವುದು.

ನಿವೃತ್ತಿಯ ನಂತರ ಇವನ್ನೆಲ್ಲ ಓದುತ್ತಿದ್ದಾಗ ಒಂದು ಸಂಗತಿ ಎದುರಾಗಿ ಬೆಚ್ಚಿದೆ. 1991ರ ಜೂನ್ ತಿಂಗಳಲ್ಲಿ ಫಿಲಿಪ್ಪೀನ್ಸ್‌ನ ಪಿನಟೂಬೊ ಜ್ವಾಲಾಮುಖಿ ಸಿಡಿದು, ಕ್ರಾಕಟೋವಾದಂತೆಯೇ ಗಂಧಕದ ಪರದೆ ಹಾಸಿತ್ತು. 1992ರಲ್ಲಿ ಜಗತ್ತಿನ ಸರಾಸರಿ ತಾಪಮಾನ ಸುಮಾರು ಅರ್ಧ ಡಿಗ್ರಿ ಇಳಿದಿತ್ತು. ಅಂದರೆ ಹುಡುಗ ಪ್ರಶ್ನೆ ಕೇಳಿದ ವರ್ಷವೇ ಭೂಮಿ ತಾತ್ಕಾಲಿಕವಾಗಿ ತಣಿದಿತ್ತು! ಇನ್ನಂಜೆಯ ಆ ಬೆಳಗಿನ ಚಳಿಗೂ ಪಿನಟೂಬೊವಿಗೂ ನಾನು ಗಂಟು ಹಾಕುವುದಿಲ್ಲ. ಆದರೆ ಎಂಥ ಪಾಠ ಮಾಡಬಹುದಿತ್ತು! ಎರಡು ವರ್ಷ ಕಳೆಯುವುದರೊಳಗೆ ಪರದೆ ಕರಗಿತು, ಏರಿಕೆ ಮತ್ತೆ ಮುಂದುವರಿಯಿತು.

ಆ ಹುಡುಗ ಈಗ ಶಂಕರಪುರದ ಬಳಿ ಮಲ್ಲಿಗೆ ಕೃಷಿ ಮಾಡುತ್ತಾನೆ. ಚಳಿ ಬಿದ್ದರೆ ಮೊಗ್ಗು ಕಡಿಮೆ, ಅಟ್ಟೆಗೆ ದರ ಜಾಸ್ತಿ. ಆದ್ದರಿಂದ ಹವೆಯ ವಿಚಾರದಲ್ಲಿ ನನಗಿಂತ ಅವನು ಎಚ್ಚರದವನು. ಕಳೆದ ಮಾಗಿಯಲ್ಲಿ ಫೋನ್ ಮಾಡಿ, ಮೇಲಿನದನ್ನೆಲ್ಲ ಹೇಳಿ, ಅಂದು ನಗೆಯಾಡಿದ್ದಕ್ಕೆ ಕ್ಷಮೆ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಪ್ರಶ್ನೆ ಏನೆಂದು ಮರೆತಿತ್ತು ಸರ್, ಎಲ್ಲರೂ ನಕ್ಕದ್ದು ಮಾತ್ರ ನೆನಪಿದೆ" ಎಂದ. ಮತ್ತೆ ತಾನೇ ನಕ್ಕು, ನಮ್ಮಲ್ಲಿ ದಿನಾ ಬೆಳಿಗ್ಗೆ ಎಷ್ಟು ಡಿಗ್ರಿ ಇರುತ್ತದೆಂದು ಬರೆದಿಡಲು ಯಾವ ಬಗೆಯ ಥರ್ಮಾಮೀಟರ್ ಒಳ್ಳೆಯದು ಎಂದು ಕೇಳಿದ. ವಿಚಾರಿಸಿ ಹೇಳುತ್ತೇನೆಂದೆ. ಬಿಸಿಲೇರುವ ಮೊದಲು ಮೊಗ್ಗು ಕೊಯ್ಯಬೇಕೆಂದು ಫೋನ್ ಇಟ್ಟ.