ಕಡಲೆಕಾಯಿ ಪ್ರೊಟೀನಿನ ಒಗಟು ಬಿಡಿಸಿದ ಎಂ. ವಿಜಯನ್

ದಕ್ಷಿಣ ಬೆಂಗಳೂರಿನ ಬಸವನಗುಡಿ, ಜಯನಗರ, ಬನಶಂಕರಿ ಬಡಾವಣೆಗಳ ಜನರಿಗೆ ಕಡಲೆಕಾಯಿ ಎಂದೊಡನೆ ನೆನಪಾಗುವುದು ಕಾರ್ತೀಕ ಮಾಸದ ಕೊನೆಯ ಸೋಮವಾರದ ಪರಿಷೆ. ಅದೇ ಕಡಲೆಕಾಯಿಯ ಬೀಜದಲ್ಲಿರುವ ಒಂದು ಪ್ರೊಟೀನಿನ ಆಕಾರವನ್ನು ಪರಮಾಣು ಮಟ್ಟದಲ್ಲಿ ಜಗತ್ತಿಗೆ ತೋರಿಸಿಕೊಟ್ಟದ್ದು ಇದೇ ನಗರದ ಭಾರತೀಯ ವಿಜ್ಞಾನ ಸಂಸ್ಥೆ. ಈ ಸಂಶೋಧನೆಯ ನೇತೃತ್ವ ವಹಿಸಿದ್ದವರು ಪ್ರೊ. ಎಂ. ವಿಜಯನ್ (1941-2022). ಭಾರತದಲ್ಲಿ ಪ್ರೊಟೀನ್ ಸ್ಫಟಿಕಶಾಸ್ತ್ರಕ್ಕೆ ಬುನಾದಿ ಹಾಕಿದವರಲ್ಲಿ ಅವರು ಪ್ರಮುಖರು.

ಆಕ್ಸ್‌ಫರ್ಡ್‌ನಿಂದ ಬೆಂಗಳೂರಿಗೆ

ಕೇರಳದಲ್ಲಿ ಜನಿಸಿದ ವಿಜಯನ್, ಅಲಹಾಬಾದ್ ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿಗೆ ಬಂದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಂ.ಎ. ವಿಶ್ವಮಿತ್ರ ಅವರ ಮಾರ್ಗದರ್ಶನದಲ್ಲಿ 1967ರಲ್ಲಿ ಡಾಕ್ಟರೇಟ್ ಪಡೆದರು. ಅನಂತರ ಆಕ್ಸ್‌ಫರ್ಡ್‌ಗೆ ತೆರಳಿ, ನೊಬೆಲ್ ಪುರಸ್ಕೃತೆ ಡೊರೊತಿ ಹಾಡ್ಜ್‌ಕಿನ್ ಅವರ ತಂಡ ಸೇರಿದರು. 1969ರಲ್ಲಿ ಇನ್ಸುಲಿನ್ ರಚನೆಯನ್ನು ಬಿಡಿಸಿದ ತಂಡ ಅದು.

1971ರಲ್ಲಿ ಅವರು ಬೆಂಗಳೂರಿಗೆ ಮರಳಿ, ಜಿ.ಎನ್. ರಾಮಚಂದ್ರನ್ ಕಟ್ಟುತ್ತಿದ್ದ ಆಣ್ವಿಕ ಜೀವಭೌತ ವಿಭಾಗವನ್ನು ಸೇರಿದರು. ಆದರೆ ಪ್ರೊಟೀನ್ ರಚನೆ ಬಿಡಿಸಲು ಬೇಕಾದ ಉಪಕರಣ, ಕಂಪ್ಯೂಟರ್, ಹಣ ಮೂರೂ ಆಗ ದೇಶದಲ್ಲಿ ವಿರಳ. ವಿಜಯನ್ ಕೈಕಟ್ಟಿ ಕೂರಲಿಲ್ಲ. ಲಭ್ಯವಿದ್ದ ಸೌಲಭ್ಯದಲ್ಲೇ ನೋವುನಿವಾರಕ ಔಷಧಿಗಳ ಮತ್ತು ಅಮೈನೊ ಆಮ್ಲಗಳ ಸ್ಫಟಿಕಗಳನ್ನು ಅಧ್ಯಯನ ಮಾಡಿದರು. ಜೀವೋತ್ಪತ್ತಿಗೆ ಮುನ್ನ ಸಣ್ಣ ಅಣುಗಳು ಒಂದನ್ನೊಂದು ಹೇಗೆ ಗುರುತಿಸಿಕೊಂಡಿರಬಹುದು ಎಂಬ ಪ್ರಶ್ನೆಯನ್ನೂ ಕೈಗೆತ್ತಿಕೊಂಡರು. 1980ರ ದಶಕದಲ್ಲಿ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವು ದೊರೆತ ಬಳಿಕ ಪ್ರೊಟೀನ್ ಸಂಶೋಧನೆಗೆ ವೇಗ ಬಂತು.

ಹನ್ನೆರಡು ವರ್ಷಗಳ ತಾಳ್ಮೆ

ಕಡಲೆಕಾಯಿಯಲ್ಲಿರುವುದು ‘ಲೆಕ್ಟಿನ್’ ಎಂಬ ಗುಂಪಿನ ಪ್ರೊಟೀನ್. ಜೀವಕೋಶಗಳ ಹೊರಮೈಯಲ್ಲಿರುವ ಸಕ್ಕರೆ ಅಣುಗಳನ್ನು ಗುರುತಿಸಿ ಅಂಟಿಕೊಳ್ಳುವುದು ಲೆಕ್ಟಿನ್‌ಗಳ ಸ್ವಭಾವ. ಕೀಟ, ಶಿಲೀಂಧ್ರಗಳಿಂದ ರಕ್ಷಿಸಿಕೊಳ್ಳಲು ಸಸ್ಯಗಳಿಗೆ ಇವು ನೆರವಾಗುತ್ತವೆ ಎಂದು ಭಾವಿಸಲಾಗಿದೆ. ಆರೋಗ್ಯವಂತ ಕೋಶಗಳಲ್ಲಿ ಮರೆಯಾಗಿದ್ದು, ಹಲವು ಬಗೆಯ ಕ್ಯಾನ್ಸರ್ ಕೋಶಗಳಲ್ಲಿ ಹೊರಕಾಣುವ ‘ಟಿ-ಆಂಟಿಜೆನ್’ ಎಂಬ ಗುರುತನ್ನು ಕಡಲೆಕಾಯಿ ಲೆಕ್ಟಿನ್ ಹಿಡಿಯಬಲ್ಲದು. ಹೀಗಾಗಿ ಅದರ ರಚನೆ ತಿಳಿಯುವುದು ವೈದ್ಯವಿಜ್ಞಾನಕ್ಕೂ ಮುಖ್ಯವಾಗಿತ್ತು.

ಕೆಲಸ ಸುಲಭದ್ದಾಗಿರಲಿಲ್ಲ. ಮೊದಲು ಪ್ರೊಟೀನನ್ನು ಶುದ್ಧೀಕರಿಸಿ ಸ್ಫಟಿಕವಾಗಿಸಬೇಕು. ಅದರ ಮೂಲಕ ಎಕ್ಸ್‌ರೇ ಹಾಯಿಸಿದಾಗ ಕಿರಣಗಳು ಚದುರಿ ಸಾವಿರಾರು ಚುಕ್ಕೆಗಳು ಮೂಡುತ್ತವೆ. ಚುಕ್ಕೆಗಳ ತೀವ್ರತೆಯನ್ನು ಅಳೆಯಬಹುದು. ಆದರೆ ಆಕಾರವನ್ನು ಲೆಕ್ಕಹಾಕಲು ಅಗತ್ಯವಾದ ಇನ್ನೊಂದು ಮಾಹಿತಿ, ಅಂದರೆ ಅಲೆಗಳ ಹಂತ, ಆ ಚುಕ್ಕೆಗಳಲ್ಲಿ ನೇರವಾಗಿ ಸಿಗುವುದಿಲ್ಲ. ಅದನ್ನು ಬೇರೆ ದಾರಿಯಿಂದ ಕಂಡುಕೊಳ್ಳಬೇಕು.

ಸಹೋದ್ಯೋಗಿ ಅವಧೇಶ ಸುರೋಲಿಯಾ ಅವರೊಂದಿಗೆ ವಿಜಯನ್ ತಂಡ ಕಡಲೆಕಾಯಿ ಲೆಕ್ಟಿನ್ ಸ್ಫಟಿಕಗಳ ಬಗ್ಗೆ ಮೊದಲ ವರದಿ ಪ್ರಕಟಿಸಿದ್ದು 1982ರಲ್ಲಿ. ಪೂರ್ಣ ರಚನೆ ಪ್ರಕಟವಾದದ್ದು 1994ರಲ್ಲಿ. ಈ ಲೆಕ್ಟಿನ್ ಒಂದೇ ಬಗೆಯ ನಾಲ್ಕು ಘಟಕಗಳಿಂದಾಗಿದೆ. ಇಂತಹ ಪ್ರೊಟೀನುಗಳಲ್ಲಿ ನಾಲ್ಕೂ ಘಟಕಗಳು ಸಮಾನ ರೀತಿಯಲ್ಲಿ ಜೋಡಣೆಯಾಗಿರುತ್ತವೆ ಎಂಬುದು ವಿಜ್ಞಾನಿಗಳ ನಿರೀಕ್ಷೆಯಾಗಿತ್ತು. ಕಡಲೆಕಾಯಿ ಲೆಕ್ಟಿನ್ ಆ ನಿಯಮಕ್ಕೆ ಒಗ್ಗಲಿಲ್ಲ. ಭಾರತದಲ್ಲೇ ಬಿಡಿಸಲಾದ ಮೊದಮೊದಲ ಪ್ರೊಟೀನ್ ರಚನೆಗಳಲ್ಲಿ ಒಂದು, ಸ್ಥಾಪಿತ ನಂಬಿಕೆಯನ್ನೇ ಪ್ರಶ್ನಿಸಿತ್ತು.

ಹಲಸಿನ ಬೀಜದ ಪಾಠ

1996ರಲ್ಲಿ ತಂಡವು ಹಲಸಿನ ಬೀಜದ ಲೆಕ್ಟಿನ್ ‘ಜಾಕಲಿನ್’ನ ರಚನೆಯನ್ನು ಪ್ರಕಟಿಸಿತು. ಲೆಕ್ಟಿನ್‌ಗಳಲ್ಲಿ ಅದುವರೆಗೆ ಕಂಡಿರದ ಮಡಿಕೆ ಅದರಲ್ಲಿತ್ತು. ಸಸ್ಯಕೋಶವು ಮೊದಲು ಒಂದೇ ಸರಪಳಿಯಾಗಿ ತಯಾರಿಸಿದ ಈ ಪ್ರೊಟೀನು ಅನಂತರ ತುಂಡಾಗಿ, 133 ಮತ್ತು 20 ಅಮೈನೊ ಆಮ್ಲಗಳ ಎರಡು ಸರಪಳಿಗಳಾಗುತ್ತದೆ. ಹೀಗೆ ತುಂಡಾದ ಜಾಗದಲ್ಲಿ ಉಂಟಾಗುವ ಹೊಸ ತುದಿಯೇ ಸಕ್ಕರೆ ಅಣುವನ್ನು ಹಿಡಿಯಲು ನೆರವಾಗುತ್ತದೆ ಎಂಬುದು ಮಹತ್ವದ ಶೋಧ. ಮುಂದೆ ಬೆಳ್ಳುಳ್ಳಿ ಹಾಗೂ ಬಾಳೆಯ ಲೆಕ್ಟಿನ್‌ಗಳೂ ಅವರ ಪ್ರಯೋಗಾಲಯದಲ್ಲಿ ಪರೀಕ್ಷೆಗೊಳಗಾದವು.

ಕ್ಷಯದತ್ತ ಗಮನ

ಅನಂತರ ವಿಜಯನ್ ಕ್ಷಯರೋಗದ ಬ್ಯಾಕ್ಟೀರಿಯಾದ ಪ್ರೊಟೀನುಗಳತ್ತ ಹೊರಳಿದರು. ಡಿಎನ್ಎ ದುರಸ್ತಿಗೆ ಬೇಕಾದ ‘ರೆಕ್ಎ’ ಪ್ರೊಟೀನಿನ ರಚನೆ 2000ದಲ್ಲಿ ಪ್ರಕಟವಾಯಿತು. ಭಟ್ನಾಗರ್ ಪ್ರಶಸ್ತಿ (1985) ಹಾಗೂ ಪದ್ಮಶ್ರೀ (2004) ಅವರಿಗೆ ಸಂದ ಗೌರವಗಳು. 2007ರಿಂದ 2010ರವರೆಗೆ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಅವರ ಶಿಷ್ಯ ಶೇಖರ್ ಮಾಂಡೆ ಮುಂದೆ ಸಿಎಸ್ಐಆರ್ ಮಹಾನಿರ್ದೇಶಕರಾದರು.

2022ರ ಏಪ್ರಿಲ್ 24ರಂದು ವಿಜಯನ್ ನಿಧನರಾದರು. ಅವರ ತಂಡ ಬಿಡಿಸಿದ ರಚನೆಗಳು ಅಂತಾರಾಷ್ಟ್ರೀಯ ಪ್ರೊಟೀನ್ ದತ್ತಕೋಶದಲ್ಲಿ ಎಲ್ಲರಿಗೂ ಉಚಿತವಾಗಿ ಲಭ್ಯ. ಅಲ್ಲಿ ‘1ಜೆಎಸಿ’ ಎಂಬ ಸಂಕೇತ ನೀಡಿದರೆ ಹಲಸಿನ ಪ್ರೊಟೀನು, ‘2ಪಿಇಎಲ್’ ಎಂದರೆ ಕಡಲೆಕಾಯಿಯ ಪ್ರೊಟೀನು ಪರದೆಯ ಮೇಲೆ ಮೂಡುತ್ತದೆ.